ಪೊರೆಯ ಕೊರತೆಯನ್ನು ಅರಿಯುವ ಕಿಣ್ವ

ನಮ್ಮ ದೇಹದ ಪ್ರತಿಯೊಂದು ಜೀವಕೋಶವನ್ನೂ ತೆಳುವಾದ ಪೊರೆಯೊಂದು ಆವರಿಸಿರುತ್ತದೆ. ಇದರ ದಪ್ಪ ಮಿಲಿಮೀಟರಿನ ಸುಮಾರು ಎರಡು ಲಕ್ಷದಲ್ಲೊಂದು ಪಾಲು ಮಾತ್ರ. ಕೋಶವೊಂದು ಬೆಳೆದು ಎರಡಾಗಬೇಕಾದರೆ ಹೊಸ ಪೊರೆ ಸಿದ್ಧವಾಗಬೇಕು. ಎಷ್ಟು ಬೇಕೆಂಬುದನ್ನು ಕೋಶವು ಅಳೆಯುವುದೆಂತು?

ಪೊರೆಯ ಮುಖ್ಯ ಸಾಮಗ್ರಿ ಫಾಸ್ಫಟೈಡಿಲ್ ಕೋಲಿನ್ ಎಂಬ ಲಿಪಿಡ್, ಎಂದರೆ ಸ್ನಿಗ್ಧ ಪದಾರ್ಥ. ಮೊಟ್ಟೆಯ ಹಳದಿಯಲ್ಲಿ ಇದು ಹೇರಳವಾಗಿದೆ. ಇದರ ಅಣುವಿಗೆ ನೀರನ್ನು ಬಯಸುವ ಒಂದು ತಲೆಯೂ ನೀರನ್ನೊಲ್ಲದ ಎರಡು ಬಾಲಗಳೂ ಉಂಟು. ಬಾಲಗಳನ್ನು ಒಳಗೆ ಮರೆಮಾಡಿಕೊಂಡು ಇಂಥ ಅಣುಗಳು ಎರಡು ಪದರಗಳಾಗಿ ನಿಂತಾಗ ಪೊರೆಯಾಗುತ್ತದೆ.

ಈ ಲಿಪಿಡ್ಡಿನ ತಯಾರಿಕೆಯನ್ನು ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಯೂಜೀನ್ ಕೆನೆಡಿ ಮತ್ತು ಸ್ಯಾಮ್ಯುಯೆಲ್ ವೈಸ್ ಶೋಧಿಸುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಕೋಶದ ಶಕ್ತಿವಾಹಕವಾದ ಎ.ಟಿ.ಪಿ.ಯನ್ನು ಶುದ್ಧ ಹರಳಿನ ರೂಪದಲ್ಲಿ ಬೆರೆಸಿದರೆ ಕ್ರಿಯೆ ನಡೆಯಲಿಲ್ಲ. ಅಷ್ಟು ಶುದ್ಧವಲ್ಲದ ಮಾದರಿಯಿಂದ ನಡೆಯಿತು! ಅದರಲ್ಲಿ ಕಲ್ಮಷವಾಗಿ ಸೇರಿದ್ದ ಸಿ.ಟಿ.ಪಿ. ಎಂಬ ವಸ್ತುವೇ ಇದಕ್ಕೆ ಕಾರಣ. ಇದನ್ನು ಅವರು 1956ರ ಪ್ರಬಂಧದಲ್ಲಿ ವಿವರಿಸಿದರು.

ಸಿ.ಟಿ.ಪಿ.ಯ ಒಂದಂಶವನ್ನು ಫಾಸ್ಫೋಕೋಲಿನ್ ಅಣುವಿಗೆ ಜೋಡಿಸುವ ಕಿಣ್ವದ ಹೆಸರು ಸೈಟಿಡಿಲಿಲ್ ಟ್ರಾನ್ಸ್‌ಫರೇಸ್. ಲಿಪಿಡ್ಡಿನ ಉತ್ಪತ್ತಿಯ ವೇಗ ಬಹುಮಟ್ಟಿಗೆ ಇದರ ಕೈಯಲ್ಲಿದೆ. ಪೊರೆಯಿಂದ ಬೇರ್ಪಟ್ಟಿರುವಾಗ ಇದು ಬಹುತೇಕ ನಿಷ್ಕ್ರಿಯ. ಇದರದೇ ಒಂದು ಭಾಗವು ಇದನ್ನು ತಡೆಹಿಡಿದಿರುತ್ತದೆ. ಪೊರೆಯಲ್ಲಿ ಫಾಸ್ಫಟೈಡಿಲ್ ಕೋಲಿನ್ ಕಡಮೆಯಾದರೆ ಅಣುಗಳ ತಲೆಗಳ ನಡುವೆ ಸಂದುಗಳು ಬೀಳುತ್ತವೆ. ತಡೆಹಿಡಿದಿದ್ದ ಆ ಭಾಗವು ಸುರುಳಿಯಾಗಿ ಆ ಸಂದಿನೊಳಗೆ ನೆಲೆಗೊಳ್ಳುತ್ತದೆ. ಒಡನೆಯೇ ತಡೆ ಸಡಿಲಿ ಕಿಣ್ವವು ಎಚ್ಚರಗೊಳ್ಳುತ್ತದೆ. ಸಾಕಷ್ಟು ಲಿಪಿಡ್ ತುಂಬಿ ಸಂದುಗಳು ಮುಚ್ಚಿದಾಗ ಅದು ಪೊರೆಯನ್ನು ಬಿಟ್ಟು ಮತ್ತೆ ಸುಮ್ಮನಾಗುತ್ತದೆ. ಸ್ವಯಂಚಾಲಿತ ಇಸ್ತ್ರಿಪೆಟ್ಟಿಗೆಯನ್ನು ನೆನೆಯಿರಿ. ಬೇಕಾದಷ್ಟು ಕಾದೊಡನೆ ಅದರ ವಿದ್ಯುತ್ತು ಕಡಿಯುತ್ತದೆ. ತಣಿದರೆ ಮತ್ತೆ ಹರಿಯುತ್ತದೆ. ಇಲ್ಲಿಯೂ ಅದೇ ತತ್ತ್ವ.

ಈ ವ್ಯವಸ್ಥೆ ಕೆಟ್ಟರೆ ಆಗುವ ಹಾನಿ ಅಲ್ಪವಲ್ಲ. ಮಾನವನಲ್ಲಿ ಈ ಕಿಣ್ವವನ್ನು ನಿರೂಪಿಸುವ ಜೀನುಗಳಲ್ಲೊಂದು ಪಿ.ಸಿ.ವೈ.ಟಿ.1ಎ. ತಂದೆ ತಾಯಿ ಇಬ್ಬರಿಂದಲೂ ಅದರ ದೋಷಯುತ ಪ್ರತಿಯನ್ನೇ ಪಡೆದ ಕೆಲವು ಮಕ್ಕಳಲ್ಲಿ ಎಲುಬುಗಳ ಬೆಳವಣಿಗೆ ಕುಂಠಿತವಾಗಿ, ಕಣ್ಣಿನ ಅಕ್ಷಿಪಟಲವೂ ಕ್ಷೀಣಿಸುತ್ತದೆಂದು 2014ರಲ್ಲಿ ತಿಳಿದುಬಂದಿತು. ಕಣ್ಣಿಗೆ ಕಾಣದ ಸಂದೊಂದನ್ನು ಗುರುತಿಸಿ ತುಂಬುವ ಈ ಕಾರ್ಯವನ್ನೇ ನಮ್ಮ ನಿಲುವೂ ನೋಟವೂ ಅವಲಂಬಿಸಿವೆ.