ಗಣಕಯಂತ್ರದ ಕರೆಯದ ನೆಂಟರು

ನಮ್ಮ ಬೀದಿಯಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರಿದ್ದಾರೆ. ತಮ್ಮ ಸೀಮೆಯ ಶಾಸನಗಳನ್ನೂ ವೀರಗಲ್ಲುಗಳನ್ನೂ ಕುರಿತು ಅವರು ಹಲವು ವರ್ಷಗಳಿಂದ ಬರೆಯುತ್ತಿರುವ ಗ್ರಂಥವೆಲ್ಲ ಅವರ ಮನೆಯ ಹಳೆಯ ಗಣಕಯಂತ್ರದಲ್ಲಿದೆ. ಒಂದು ದಿನ ಅವರು ನನ್ನಲ್ಲಿಗೆ ಬಂದು, “ಯಂತ್ರಕ್ಕೆ ಮುಪ್ಪು ಬಂದಿತೆಂದು ತೋರುತ್ತದೆ. ಗುಂಡಿ ಒತ್ತಿ, ಸ್ನಾನ ಮುಗಿಸಿಕೊಂಡು ಬಂದರೂ ಅದಿನ್ನೂ ಎದ್ದಿರುವುದಿಲ್ಲ. ಪಿಂಚಣಿಯ ದುಡ್ಡು ಸುರಿದು ಹೊಸದನ್ನು ತರದೆ ಗತಿಯಿಲ್ಲ” ಎಂದು ನೊಂದುಕೊಂಡರು. “ಮೇಷ್ಟ್ರೇ, ಹೊಸದನ್ನು ತರುವುದು ಇದ್ದೇ ಇದೆ. ಮೊದಲು ಹಳೆಯದರೊಳಗೆ ಯಾರು ಯಾರು ಕುಳಿತಿದ್ದಾರೆಂದು ನೋಡೋಣ” ಎಂದೆ.

ಯಂತ್ರದ ತೆರೆಯ ಮೇಲೆ ಅವರು ಯಾವ ಕೆಲಸವನ್ನೂ ತೆರೆದಿರಲಿಲ್ಲ. ಆದರೂ ಒಳಗೆ ಜಾತ್ರೆಯೇ ನೆರೆದಿತ್ತು. ಎಂದೋ ಕೆಟ್ಟು ಗುಜರಿಗೆ ಹೋದ ಮುದ್ರಣಯಂತ್ರದ ಸಹಾಯಕನೊಬ್ಬ, ರಜೆಗೆ ಬಂದ ಮೊಮ್ಮಗ ತಂದಿಟ್ಟ ಆಟಗಳ ಮಳಿಗೆ, ‘ಹೊಸ ಆವೃತ್ತಿ ಬಂದಿದೆಯೆ?’ ಎಂದು ಗಳಿಗೆಗೊಮ್ಮೆ ವಿಚಾರಿಸುವ ಮೂವರು ದೂತರು — ಹೀಗೆ. ಇವರಾರನ್ನೂ ಮೇಷ್ಟ್ರು ಕರೆದಿರಲಿಲ್ಲ. ಬಂದಿರುವರೆಂಬುದೂ ಅವರಿಗೆ ತಿಳಿಯದು. ಬೇರೆ ಯಾವುದೋ ತಂತ್ರಾಂಶವನ್ನು ಸ್ಥಾಪಿಸುವಾಗ ಅದರ ಬೆನ್ನುಹತ್ತಿ ಬಂದು, ಯಂತ್ರ ಎದ್ದೊಡನೆ ತಾವೂ ಏಳುವಂತೆ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ನೆಲೆಸಿದವರು ಇವರು.

ಹಾಗೆಂದು ಮರೆಯಲ್ಲಿ ದುಡಿಯುವ ಪ್ರೋಗ್ರಾಮುಗಳೆಲ್ಲವೂ ಕೇಡಿಗರೆಂದು ಭಾವಿಸಬಾರದು. ಅವುಗಳ ಹುಟ್ಟೇ ಉಪಕಾರಕ್ಕಾಗಿ ಆದುದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ೧೯೬೩ರಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು, ಹಲವರು ಏಕಕಾಲಕ್ಕೆ ಬಳಸುತ್ತಿದ್ದ ಐಬಿಎಂ ೭೦೯೪ ಯಂತ್ರದಲ್ಲಿ, ಯಾರೂ ಅಪ್ಪಣೆ ಕೊಡದಿದ್ದರೂ ತಾವಾಗಿ ನಡೆಯುವ ಪ್ರೋಗ್ರಾಮುಗಳನ್ನು ಬಳಕೆಗೆ ತಂದರು. ಎಲ್ಲರ ಕಡತಗಳ ಪ್ರತಿಯನ್ನು ಟೇಪಿನ ಮೇಲೆ ತೆಗೆದಿಡುವುದು ಅಂತಹ ಮೊದಮೊದಲಿನ ಕೆಲಸಗಳಲ್ಲಿ ಒಂದು. ಇವುಗಳಿಗೆ ಅವರು ‘ಡೀಮನ್’ ಎಂದು ಹೆಸರಿಟ್ಟರು. ಆ ಹೆಸರು ಭೌತವಿಜ್ಞಾನದಿಂದ ಬಂದ ಎರವಲು. ಅನಿಲದ ಅಣುಗಳಲ್ಲಿ ವೇಗದವನ್ನೂ ನಿಧಾನದವನ್ನೂ ಬೇರ್ಪಡಿಸುತ್ತ, ಪುಟ್ಟದೊಂದು ಬಾಗಿಲ ಬಳಿ ಬೇಸರವಿಲ್ಲದೆ ಕುಳಿತಿರುವ ಒಂದು ಕಾಲ್ಪನಿಕ ಜೀವಿಯನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ೧೮೬೭ರಲ್ಲಿ ಊಹಿಸಿದ್ದರಷ್ಟೆ. ಯಾರ ಕಣ್ಣಿಗೂ ಬೀಳದೆ ಸದಾ ದುಡಿಯುವ ಆ ಜೀವಿಯೇ ಈ ಹೆಸರಿಗೆ ಪ್ರೇರಣೆ.

ಇಂದಿಗೂ ನಮ್ಮ ಯಂತ್ರ ನಡೆಯುವುದು ಇಂತಹ ಕಾಣದ ದುಡಿಮೆಯಿಂದಲೇ. ಅಂತರಜಾಲದ ಸಂಪರ್ಕವನ್ನು ಕಾಯುವುದು, ಧ್ವನಿಯನ್ನು ಹೊರಡಿಸುವುದು, ವೈರಸ್ಸುಗಳನ್ನು ತಡೆಯುವುದು ಇವೆಲ್ಲ ಮರೆಯ ಕೆಲಸಗಳೇ. ತೊಂದರೆಯಿರುವುದು ಬೇಡದವರ ಗುಂಪು ಬೆಳೆದಾಗ. ಹಳೆಯ ಯಂತ್ರಗಳಲ್ಲಿ ಕಡತಗಳನ್ನು ಕಾಪಾಡುವುದು ತಿರುಗುವ ಒಂದು ತಟ್ಟೆ. ಸಾಮಾನ್ಯವಾಗಿ ಅದು ನಿಮಿಷಕ್ಕೆ ೭೨೦೦ ಸುತ್ತು, ಎಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ಬೇಕಾದ ಎಡೆ ಮುಳ್ಳಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಇದಕ್ಕೆ ೪ ಮಿಲಿಸೆಕೆಂಡು. ಮುಳ್ಳು ಅತ್ತಿಂದಿತ್ತ ಸರಿಯುವುದಕ್ಕೆ ಸುಮಾರು ೮ ಮಿಲಿಸೆಕೆಂಡು. ಒಟ್ಟು ೧೨. ಅಲ್ಪವೆನ್ನುವಿರಾ? ಸೆಕೆಂಡಿಗೆ ಮುನ್ನೂರು ಕೋಟಿ ಮಿಡಿತಗಳುಳ್ಳ ಪ್ರೊಸೆಸರು ಅಷ್ಟರಲ್ಲಿ ೩ ಕೋಟಿ ೬೦ ಲಕ್ಷ ಸಲ ಮಿಡಿದಿರುತ್ತದೆ. ಒಂದೇ ಪ್ರೋಗ್ರಾಮು ಸಾಲಾಗಿ ಓದುತ್ತಿದ್ದರೆ ಮುಳ್ಳಿಗೆ ಅಲೆದಾಟ ಕಡಿಮೆ. ಹದಿನೈದು ಪ್ರೋಗ್ರಾಮುಗಳು ಒಟ್ಟಿಗೆ ಎದ್ದು ‘ನನಗೆ ಮೊದಲು’ ಎಂದರೆ, ಒಬ್ಬನೇ ಬಡಿಸುವವನಿದ್ದು ಊಟದ ಪಂಕ್ತಿ ನಾಲ್ಕು ಕೋಣೆಗಳಲ್ಲಿ ಹರಡಿದಂತಾಗುತ್ತದೆ. ಬಡಿಸುವುದಕ್ಕಿಂತ ಓಡಾಟವೇ ಹೆಚ್ಚು. ತಿರುಗುವ ಭಾಗವಿಲ್ಲದ ಹೊಸ ಬಗೆಯ ಶೇಖರಣೆಯಲ್ಲಿ ಈ ಕಷ್ಟ ಬಹಳಮಟ್ಟಿಗೆ ಇಲ್ಲ. ಆದರೆ ಅಲ್ಲಿಯೂ ರ್ಯಾಮ್ ಎಂಬ ತಾತ್ಕಾಲಿಕ ಸ್ಮೃತಿ ತುಂಬಿತೆಂದರೆ, ಯಂತ್ರವು ಅದರಲ್ಲಿರುವುದನ್ನು ಶೇಖರಣೆಗೆ ಸಾಗಿಸುತ್ತ, ಮರಳಿ ತರುತ್ತ ಹೊತ್ತು ಕಳೆಯಬೇಕಾಗುತ್ತದೆ.

ನಿಧಾನಕ್ಕಿಂತ ದೊಡ್ಡ ಪ್ರಶ್ನೆ ಮತ್ತೊಂದಿದೆ: ಮನೆಯ ಯಜಮಾನ ಯಾರು? ‘ನುಡಿ’, ‘ಬರಹ’ಗಳಂತಹ ಕನ್ನಡ ಬೆರಳಚ್ಚಿನ ತಂತ್ರಾಂಶಗಳು ಹಿನ್ನೆಲೆಯಲ್ಲಿ ಕುಳಿತು ನಾವು ಒತ್ತುವ ಕೀಲಿಗಳನ್ನು ಗಮನಿಸಿ ಕನ್ನಡ ಅಕ್ಷರಗಳನ್ನಾಗಿ ಮಾಡಿಕೊಡುತ್ತವೆ. ಗುಪ್ತಪದವನ್ನು ಕದಿಯುವ ದುಷ್ಟ ಪ್ರೋಗ್ರಾಮು ಮಾಡುವುದೂ ಕೀಲಿಗಳನ್ನು ಗಮನಿಸುವ ಕೆಲಸವನ್ನೇ. ಒಂದನ್ನು ನಾವು ತಿಳಿದು ಕರೆದಿದ್ದೇವೆ, ಇನ್ನೊಂದು ಕದ್ದು ಬಂದಿದೆ. ಪ್ರಸಿದ್ಧ ಸಂಸ್ಥೆಗಳೂ ಈ ಗೆರೆಯನ್ನು ದಾಟಿದ್ದುಂಟು. ೨೦೦೫ರ ಅಕ್ಟೋಬರ್ ೩೧ರಂದು ಮಾರ್ಕ್ ರಸಿನೊವಿಚ್ ಎಂಬ ತಜ್ಞರು ಒಂದು ಸಂಗತಿಯನ್ನು ಬಯಲಿಗೆಳೆದರು. ಸೋನಿ ಬಿಎಂಜಿ ಸಂಸ್ಥೆಯ ಸಂಗೀತದ ಮುದ್ರಿಕೆಯೊಂದು ಅವರ ಯಂತ್ರದಲ್ಲಿ ಗುಪ್ತ ತಂತ್ರಾಂಶವನ್ನು ನೆಲೆಗೊಳಿಸಿತ್ತು. ಪ್ರತಿ ಮಾಡುವುದನ್ನು ತಡೆಯಲು ಬಂದ ಅದು, ಹಾಡು ಕೇಳದಿರುವಾಗಲೂ ಯಂತ್ರದ ಶಕ್ತಿಯ ಶೇಕಡಾ ಒಂದೆರಡು ಪಾಲನ್ನು ತಿನ್ನುತ್ತಿತ್ತು. ಪಟ್ಟಿಯಲ್ಲಿ ತನ್ನ ಹೆಸರು ಕಾಣದಂತೆ ಮುಚ್ಚಿಟ್ಟುಕೊಂಡಿತ್ತು. ಅವರು ಅದನ್ನು ಕಿತ್ತೊಡನೆ ಮುದ್ರಿಕೆಯನ್ನು ಓದುವ ಸಾಧನವೇ ಯಂತ್ರಕ್ಕೆ ಕಾಣದಾಯಿತು! ಜನರ ಆಕ್ರೋಶಕ್ಕೆ ಮಣಿದ ಸಂಸ್ಥೆ ಅದೇ ನವೆಂಬರಿನಲ್ಲಿ ಆ ಮುದ್ರಿಕೆಗಳನ್ನು ಹಿಂದಕ್ಕೆ ಕರೆಸಿಕೊಂಡಿತು.

ಈ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠ ಎರಡು. ಒಳಗಿರುವವರನ್ನು ಆಗಾಗ್ಗೆ ನೋಡುತ್ತಿರಬೇಕು. ಆದರೆ ದುಡುಕಿ ಕೀಳಬಾರದು. ವಿಂಡೋಸ್ ೧೦ ಮತ್ತು ೧೧ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಯಾವ ಪ್ರೋಗ್ರಾಮು ಎಷ್ಟು ಸ್ಮೃತಿಯನ್ನು, ಎಷ್ಟು ಪ್ರೊಸೆಸರನ್ನು ಹಿಡಿದಿದೆಯೆಂಬುದು ಅಲ್ಲಿ ಕಾಣುತ್ತದೆ. ‘ಸ್ಟಾರ್ಟಪ್’ ಎಂಬ ಭಾಗದಲ್ಲಿ ಯಂತ್ರದೊಡನೆ ಏಳುವವರ ಹೆಸರುಗಳೂ, ಆರಂಭದ ಮೇಲೆ ಪ್ರತಿಯೊಂದು ಹೇರುವ ಭಾರವೂ ಇರುತ್ತವೆ. ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತನ್ನಾಗಲಿ, ತಟ್ಟೆಯ ೩ ಮೆಗಾಬೈಟಿಗಿಂತ ಹೆಚ್ಚು ಓದುಬರೆಹವನ್ನಾಗಲಿ ಬೇಡಿದವಕ್ಕೆ ‘ಹೈ’ ಎಂಬ ಗುರುತು. ಬೇಡದ ಹೆಸರಿನ ಮೇಲೆ ಮೌಸಿನ ಬಲಗುಂಡಿಯೊತ್ತಿ ‘ಡಿಸೇಬಲ್’ ಎಂದರೆ ಸಾಕು. ಇದು ಉಚ್ಚಾಟನೆಯಲ್ಲ. ಕರೆದಾಗ ಬಾ, ತಾನಾಗಿ ಬರಬೇಡ ಎಂದಷ್ಟೇ ಇದರ ಅರ್ಥ. ‘ಎನೇಬಲ್’ ಎಂದರೆ ಮತ್ತೆ ಮೊದಲಿನಂತಾಗುತ್ತದೆ. ಎಂದಿಗೂ ಬೇಡವಾದುದನ್ನು ಮಾತ್ರ ‘ಸೆಟ್ಟಿಂಗ್ಸ್’ನ ಮೂಲಕ ಪೂರ್ತಿಯಾಗಿ ತೆಗೆದುಹಾಕಬಹುದು.

ಇಲ್ಲಿ ಪ್ರಯೋಗಶಾಲೆಯ ಶಿಸ್ತು ಅಗತ್ಯ. ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಿ, ಯಂತ್ರವನ್ನು ಪುನಃ ಆರಂಭಿಸಿ, ಆದ ಬದಲಾವಣೆಯನ್ನು ಬರೆದಿಡಬೇಕು. ಗುರುತಿಲ್ಲದ ಹೆಸರೆಂಬ ಕಾರಣಕ್ಕೇ ಏನನ್ನೂ ನಿಲ್ಲಿಸಬಾರದು. ‘ಸರ್ವಿಸ್ ಹೋಸ್ಟ್’ ಎಂಬ ಹೆಸರು ಹತ್ತಾರು ಕಡೆ ಕಂಡರೆ ಗಾಬರಿ ಬೇಡ. ವಿಂಡೋಸಿನ ಸ್ವಂತ ಸೇವೆಗಳನ್ನು ಹೊತ್ತು ನಡೆಸುವ ವಾಹನವದು. ವೈರಸ್ ತಡೆಯುವ ಕಾವಲುಗಾರನನ್ನು ವೇಗದ ಆಸೆಗೆ ಮನೆಗೆ ಕಳುಹಿಸಕೂಡದು. ಸ್ಮೃತಿಯನ್ನು ಬರಿದು ಮಾಡಿ ವೇಗ ಹೆಚ್ಚಿಸುವೆನೆಂಬ ತಂತ್ರಾಂಶಗಳನ್ನೂ ನಂಬಬೇಡಿ. ಬಿಡುವಾದ ಸ್ಮೃತಿಯನ್ನು ವಿಂಡೋಸ್ ಮುಂದೆ ಬೇಕಾಗುವುದನ್ನು ಸಿದ್ಧವಾಗಿಡಲು ಬಳಸಿಕೊಳ್ಳುತ್ತದೆ. ಅದನ್ನು ಖಾಲಿಮಾಡಿದರೆ ಅದೇ ಕೆಲಸವನ್ನು ಮತ್ತೆ ಮಾಡಬೇಕಾದೀತು.

ಮೇಷ್ಟ್ರು ಲೇಖನಿ ಹಿಡಿದು ಕುಳಿತು ಒಂದೊಂದೇ ಹೆಸರನ್ನು ಪಟ್ಟಿಮಾಡಿಕೊಂಡರು. ಐದು ದಿನಗಳಲ್ಲಿ ಒಂಬತ್ತು ಪ್ರೋಗ್ರಾಮುಗಳಿಗೆ ರಜೆ ಕೊಟ್ಟರು. ನಡುವೆ ಒಂದು ಬೆಳಿಗ್ಗೆ ಕನ್ನಡದ ಅಕ್ಷರಗಳೇ ಮೂಡದೆ ದಿಗಿಲುಬಿದ್ದು ಬಂದರು. ಪುಸ್ತಕ ತೆಗೆದು ನೋಡಿದರೆ, ಹಿಂದಿನ ರಾತ್ರಿ ನಿಲ್ಲಿಸಿದ್ದುದು ಬೆರಳಚ್ಚಿನ ಪ್ರೋಗ್ರಾಮನ್ನೇ! ಬರೆದಿಟ್ಟಿದ್ದರಿಂದ ತಪ್ಪು ಒಂದು ನಿಮಿಷದಲ್ಲಿ ಸಿಕ್ಕಿತು. ಮರಳಿ ‘ಎನೇಬಲ್’ ಎಂದುದರಿಂದ ಅಕ್ಷರಗಳೂ ಬಂದವು. ಯಂತ್ರ ಹೊಸದರಂತಾಗಲಿಲ್ಲ, ಅದರ ವಯಸ್ಸನ್ನು ಯಾರೂ ಇಳಿಸಲಾರರು. ಆದರೆ ಈಗ ಅವರು ಗುಂಡಿ ಒತ್ತಿ, ಕಾಫಿಯ ಲೋಟ ಹಿಡಿದು ಬರುವಷ್ಟರಲ್ಲಿ ಅದು ಎದ್ದಿರುತ್ತದೆ. ಹೊಸ ಯಂತ್ರಕ್ಕೆಂದು ತೆಗೆದಿರಿಸಿದ್ದ ಹಣದಲ್ಲಿ ಅವರು ಮಾಡಿದ ಮೊದಲ ಖರ್ಚು, ಗ್ರಂಥದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಲು ಒಂದು ಪುಟ್ಟ ಶೇಖರಣ ಸಾಧನ. ಪ್ರತಿ ಸಂಜೆ ಕಡತಗಳನ್ನು ಅದಕ್ಕೆ ನಕಲು ಮಾಡುವ ಕೆಲಸವನ್ನು, ಈ ಸಲ ತಾವೇ ಕರೆದು ಕೂರಿಸಿದ ಒಂದು ಹಿನ್ನೆಲೆಯ ಪ್ರೋಗ್ರಾಮಿಗೆ ಒಪ್ಪಿಸಿದ್ದಾರೆ.