ಸೀಸ ಕಾಣದ ಪರೀಕ್ಷಾ ಪೆಟ್ಟಿಗೆ

ಚಾಮರಾಜನಗರ ತಾಲ್ಲೂಕಿಗೆ ಸೇರಿದ, ವಿಧಾನಸಭೆಗೆ ಮಾತ್ರ ಗುಂಡ್ಲುಪೇಟೆ ಕ್ಷೇತ್ರದೊಡನೆ ಇರುವ ಹರವೆಯ ಕಡೆ ನೀರಿನ ಚರ್ಚೆಯೆಂದರೆ ಮಳೆ, ಕೊಳವೆಬಾವಿಯ ಆಳ, ಸುಟ್ಟುಹೋದ ಮೋಟಾರು. ನಲ್ಲಿಗೆ ನೀರು ಬಂದರೆ ಸಾಕೆನ್ನುವವರ ಎದುರು ಅದರಲ್ಲಿ ಸೀಸವಿದೆಯೇ ಎಂದು ಕೇಳುವುದು ಅಧಿಕಪ್ರಸಂಗವೆನಿಸೀತು. ಅಲ್ಲಿನ ನೀರಿನಲ್ಲಿ ಸೀಸವಿದೆಯೆಂದು ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಎಂದು ಊರಿನಲ್ಲೇ ತಿಳಿಯುವ ದಾರಿಯಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸುವ ವ್ಯವಸ್ಥೆ ಮಾಡಿತು. ಶ್ಲಾಘನೀಯ ಕ್ರಮವೇ. ಅವರ ಕೈಗಿತ್ತ ಕಿಟ್ಟಿಗೆ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಕಾಣುತ್ತವೆ, ಸೀಸ ಕಾಣದು. ಅದಕ್ಕೆ ದುಬಾರಿ ಯಂತ್ರಗಳಿರುವ ಪ್ರಯೋಗಾಲಯವೇ ಬೇಕು.

ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಮಿದುಳಿಗೆ ಆಗುವ ಹಾನಿ ಸರಿಹೋಗುವಂಥದ್ದಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಷನ್ 1999ರಲ್ಲಿ ಪ್ರಕಟಿಸಿದ ಏಳು ನಗರಗಳ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಹೋಯಿತು. ಪಿವಿಸಿ ಕೊಳವೆಗಳಲ್ಲಿ ಮಾತ್ರ, ಪ್ಲಾಸ್ಟಿಕ್ ಶಾಖಕ್ಕೆ ಕೆಡದಿರಲೆಂದು ಸೀಸದ ಸಂಯುಕ್ತ ಬೆರೆಸುವ ರೂಢಿ ಉಳಿದುಕೊಂಡಿತು. ಅದನ್ನು ನಿಯಂತ್ರಿಸುವ ಕೇಂದ್ರದ ನಿಯಮ ಬಂದದ್ದು 2021ರಲ್ಲಿ. ಅದಕ್ಕೂ ಮುನ್ನ ಹೂತ ಕೊಳವೆಗಳನ್ನು ಯಾರೂ ಅಗೆದು ತೆಗೆದಿಲ್ಲ.

ಕೌತುಕವೆಂದರೆ, ಸೀಸವನ್ನು ಪತ್ತೆಹಚ್ಚುವ ಎಲೆಕ್ಟ್ರೋಡಿನ ತೆಳು ಪೊರೆಯೂ ಬಹುಮಟ್ಟಿಗೆ ಇದೇ ಪಿವಿಸಿಯದು. ಸೀಸದ ಅಯಾನನ್ನು ಆರಿಸಿ ಹಿಡಿಯುವ ಅಣುಗಳನ್ನು ಪೊರೆಯಲ್ಲಿ ಸೇರಿಸಿರುತ್ತಾರೆ. ನೀರಿನಲ್ಲಿ ಅದ್ದಿದಾಗ, ಸೀಸ ಹತ್ತು ಪಟ್ಟು ಹೆಚ್ಚಿದರೆ ವಿದ್ಯುತ್ ವಿಭವ ಸುಮಾರು 29.6 ಮಿಲಿವೋಲ್ಟ್ ಏರಬೇಕು. ಓದಿಕೊಳ್ಳಲು ಸಾಮಾನ್ಯ ಮೀಟರು ಸಾಕು.

ಅರ್ಥಶಾಸ್ತ್ರ ಓದಿದ ನನಗೆ ರಸಾಯನಕ್ಕಿಂತ ಲೆಕ್ಕ ಹಿತ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಹಳೆಯ ಮಾದರಿಯ ಎಲೆಕ್ಟ್ರೋಡುಗಳು ಕಾಣುತ್ತಿದ್ದದ್ದು ಸುಮಾರು 200ರಿಂದಾಚೆಗೆ! ಕಾರಣವೂ ಸ್ವಾರಸ್ಯಕರ. ಎಲೆಕ್ಟ್ರೋಡಿನ ಒಳಗಿನ ದ್ರಾವಣದಿಂದಲೇ ಸೀಸ ಪೊರೆಯ ಮೂಲಕ ಜಿನುಗಿ, ಪರೀಕ್ಷಿಸಬೇಕಾದ ನೀರನ್ನು ಕೆಡಿಸುತ್ತಿತ್ತು. 1997ರಲ್ಲಿ ಜೂರಿಕ್‌ನ ಪ್ರೆಟ್ಷ್ ಮತ್ತು ಸಂಗಡಿಗರು ಒಳದ್ರಾವಣವನ್ನು ಬದಲಿಸಿ ಈ ಜಿನುಗನ್ನು ತಡೆದರು. ಪತ್ತೆಯ ಮಿತಿ ಸಾವಿರಾರು ಪಟ್ಟು ಕೆಳಗಿಳಿದು ಕುಡಿಯುವ ನೀರಿನ ಮಾನಕಕ್ಕಿಂತ ಎಷ್ಟೋ ಕೆಳಗೆ ಹೋಯಿತು.

ಪ್ರಯೋಗಾಲಯದ ಶುದ್ಧ ದ್ರಾವಣ ಬೇರೆ, ಕೊಳವೆಬಾವಿಯ ಗಡಸು ನೀರು ಬೇರೆ, ನಿಜ. ತಾಮ್ರ, ಪಾದರಸಗಳು ಅಳತೆಯನ್ನು ತಪ್ಪಿಸಬಹುದು, ಪೊರೆ ಸವೆಯುತ್ತದೆ. ಇಂಥ ತೊಡಕುಗಳು ಬಗೆಹರಿಯಬೇಕಾದದ್ದು ಹೊಸ ಸಂಶೋಧನ ಪ್ರಬಂಧಗಳಲ್ಲಲ್ಲ, ಹಳ್ಳಿಯ ನಲ್ಲಿಗಳ ಬಳಿ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ, ಬೆಳಗಿನ ಮೊದಲ ನೀರನ್ನು ಹರವೆ ಹೋಬಳಿಯ ಶಾಲೆ, ಅಂಗನವಾಡಿಗಳಿಂದ ತೆಗೆದು, ಅರ್ಧವನ್ನು ಎಲೆಕ್ಟ್ರೋಡಿಗೆ, ಇನ್ನರ್ಧವನ್ನು ದೊಡ್ಡ ಪ್ರಯೋಗಾಲಯಕ್ಕೆ ಒಪ್ಪಿಸಿ ಒಂದು ವರ್ಷ ಹೋಲಿಸಿ ನೋಡಲಿ. ಜಿಲ್ಲಾ ಪಂಚಾಯಿತಿಯ ಮಟ್ಟದಲ್ಲೇ ಆಗಬಹುದಾದ ಕೆಲಸವಿದು.