ಸೊಲ್ಲಾಪುರಕ್ಕೆ ಹೊರಡುವ ಮುನ್ನ ಒಂದು ಇಸಿಜಿ

ಬೀದರ್ ಜಿಲ್ಲೆಯ ಘಾಟಬೋರಾಳದ ಕಡೆ ಯಾರಿಗಾದರೂ ನಡುರಾತ್ರಿ ಎದೆ ಹಿಡಿದುಕೊಂಡರೆ ಮೊದಲು ಹೊರಡುವ ಮಾತು, ‘ಗ್ಯಾಸ್ ಆಗ್ಯಾದ, ಸೋಡಾ ಕುಡಿ’. ಬೆವರು ಇಳಿಯತೊಡಗಿದ ಮೇಲೆ ಎರಡನೆಯದು: ‘ಸೊಲ್ಲಾಪುರಕ್ಕ ಒಯ್ಯಾಮೋ, ಹೈದರಾಬಾದಿಗೋ?’ ಪುಣೆ–ಹೈದರಾಬಾದ್ ಹೆದ್ದಾರಿ ಬಸವಕಲ್ಯಾಣ, ಹುಮನಾಬಾದ್ ಸೀಮೆಯನ್ನೇ ಹಾದುಹೋಗುವುದರಿಂದ ದೊಡ್ಡ ಊರಿನ ಆಸ್ಪತ್ರೆ ಮೊದಲು ನೆನಪಾಗುವುದು ಸಹಜ. ಆದರೆ ಆ ಎರಡೂ ಊರು ನೂರು ಕಿಲೋಮೀಟರಿಗೂ ಆಚೆ. ಹೃದಯದ ಸ್ನಾಯು ಅಷ್ಟು ಹೊತ್ತು ತಾಳುವುದಿಲ್ಲ.

ಸುಮಾರು 300 ಗ್ರಾಂ ತೂಗುವ ಈ ಅಂಗದಲ್ಲಿ ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸಿದರೆ ಎಡಭಾಗ ಇಡೀ ಮೈಗೆ ದೂಡಬೇಕು. ಅದಕ್ಕೇ ಎಡ ಹೃತ್ಕುಕ್ಷಿಯ ಗೋಡೆ ಹೆಚ್ಚು ದಪ್ಪ. ನಿಮಿಷಕ್ಕೆ ಐದು ಲೀಟರ್ ರಕ್ತ, ದಿನಕ್ಕೆ ಒಂದು ಲಕ್ಷದಷ್ಟು ಬಡಿತ. ಸೋಜಿಗವೆಂದರೆ ಇಷ್ಟು ರಕ್ತ ತನ್ನೊಳಗೇ ಹರಿದರೂ ಹೃದಯ ಅದರಿಂದ ನೇರವಾಗಿ ಹೀರುವುದು ಅತ್ಯಲ್ಪ. ಮಹಾಪಧಮನಿಯ ಬುಡದಲ್ಲಿ ಕವಲೊಡೆಯುವ ಎರಡು ಕರೋನರಿ ರಕ್ತನಾಳಗಳೇ ಅದನ್ನು ಪೋಷಿಸಬೇಕು. ಬಾವಿ ತುಂಬಿದ್ದರೂ ಕಾಲುವೆ ಕಟ್ಟಿಕೊಂಡರೆ ಬೆಳೆ ಒಣಗಿದಂತೆ, ಆ ನಾಳದೊಳಗಿನ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಮುಂದಿನ ಸ್ನಾಯು ಸಾಯತೊಡಗುತ್ತದೆ. ಹೃದಯಾಘಾತ ಅಂದರೆ ಇದೇ.

ಕೊಬ್ಬು ಕೂಡುವುದು ಒಂದೇ ದಿನದ ಕೆಲಸವಲ್ಲ. ಬೀಡಿ, ಸುಣ್ಣ ಹಚ್ಚಿ ತಿಕ್ಕಿದ ತಂಬಾಕು, ಅಳೆಸದೇ ಬಿಟ್ಟ ಬಿಪಿ, ಸಕ್ಕರೆ ಕಾಯಿಲೆ – ಇವೆಲ್ಲ ವರ್ಷಗಟ್ಟಲೆ ನಾಳದ ಒಳಗೋಡೆಯನ್ನು ಕೆಡಿಸುತ್ತವೆ. ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುವ ನಮಗೇಕೆ ಈ ರೋಗ ಎನ್ನುವವರು ಸಿಗುತ್ತಾರೆ. ರೊಟ್ಟಿಯ ತಪ್ಪೇನಿಲ್ಲ, ಊಟದ ಮೇಲೆ ಜೇಬಿನಿಂದ ಹೊರಬರುವ ಗುಟ್ಕಾ ಚೀಟಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆನೋವು ಎದ್ದು ಕಾಣದೆ ಬರೀ ಉಬ್ಬಸ, ದವಡೆ ನೋವು, ಸುಸ್ತು, ವಾಕರಿಕೆ ಆಗಿ ಬರುವುದೂ ಉಂಟು. ಗ್ಯಾಸ್ ಎಂಬ ತೀರ್ಪು ಅವರ ವಿಷಯದಲ್ಲಿ ಇನ್ನೂ ಅಪಾಯಕಾರಿ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ರಾಜ್ಯವೇ ಬೆಚ್ಚಿತು. ಅವರ ಹೆಸರಿನಲ್ಲಿ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆಯ ಲೆಕ್ಕಾಚಾರ ಸರಳ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸು, ಆಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡು. ಹೊರಗೆ ಕೊಂಡರೆ ಸಾವಿರಾರು ರೂಪಾಯಿಯ ಮದ್ದು ಅದು. ಮೊದಲ ಮೂರು ಗಂಟೆಯೊಳಗೆ ಕೊಟ್ಟರೆ ಅದರ ಫಲ ಹೆಚ್ಚು. ಹನ್ನೆರಡು ಗಂಟೆ ಕಳೆದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಿಂದೆ ಎಂದಾದರೂ ಮೆದುಳಿನಲ್ಲಿ ರಕ್ತಸ್ರಾವ ಆದವರಿಗೆ, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರಿಗೆ ಕೊಡಲಾಗದು. ಆದ್ದರಿಂದ ಮನೆಯವರು ಹಿಂದಿನ ಕಾಯಿಲೆಗಳನ್ನು ಮುಚ್ಚಿಡದೆ ಹೇಳಬೇಕು.

ಅಂದರೆ ಮೊದಲ ನಿಲ್ದಾಣ ಹತ್ತಿರದ ಇಸಿಜಿ ಯಂತ್ರ. 108ಕ್ಕೆ ಕರೆ ಮಾಡಿ. ಬೈಕಿನ ನಡುವೆ ಕೂರಿಸಿಕೊಂಡು ಹೋಗುವ ಸಾಹಸ ಬೇಡ.

ಮುಂದಿನ ಹಂತಕ್ಕೆ ಈಗ ಕಲಬುರಗಿ ಇದೆ. ಅಲ್ಲಿನ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು, ಹಾಸಿಗೆಗಳು 371. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಸಂಖ್ಯೆಯೂ ಅದೇ. ಹಿಂದೆ ಬೆಂಗಳೂರಿನ ತನಕ ರೈಲು ಹತ್ತಬೇಕಿದ್ದವರಿಗೆ ಇದು ಸಣ್ಣ ಮಾತಲ್ಲ.

ತೊಡಕು ಇರುವುದು ಚುಚ್ಚುಮದ್ದಿನ ನಂತರ. ನೋವು ಇಳಿಯುತ್ತಲೇ ‘ಆರಾಮ ಆಗ್ಯಾದ, ಊರಿಗಿ ಹೋಗಾಮು’ ಎಂದು ಗಂಟುಮೂಟೆ ಕಟ್ಟುವವರಿದ್ದಾರೆ. ಮದ್ದು ಕರಗಿಸುವುದು ಹೆಪ್ಪನ್ನು ಮಾತ್ರ. ಕಿರಿದಾದ ನಾಳ ಹಾಗೇ ಉಳಿದಿರುತ್ತದೆ. ಅದಕ್ಕಾಗಿಯೇ ಮದ್ದು ಕೆಲಸ ಮಾಡಿದ್ದರೂ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿಸಿ ಎನ್ನುತ್ತಾರೆ ವೈದ್ಯರು. ಕಲಬುರಗಿಯ ದಾರಿ ಹಿಡಿಯಬೇಕಾದದ್ದು ಆಗ, ತಾಲ್ಲೂಕು ಆಸ್ಪತ್ರೆ ಬರೆದುಕೊಟ್ಟ ಚೀಟಿ ಮತ್ತು ಇಸಿಜಿ ಪ್ರತಿಯ ಸಮೇತ.